ಎಡಗಡೆಯ ದೋಣಿ

ಮೂವತ್ತೊಂದು ವರ್ಷ ಸ್ಕೂಲ್ ವ್ಯಾನ್ ಓಡಿಸಿದವನನ್ನು ಸುಮ್ಮನೆ ಒಂದು ಕಡೆ ಕೂರಿಸಬಾರದು. ಕೂರಿಸಿದರೆ ಪಕ್ಕದವರ ಪ್ರಾಣ ಹಿಂಡುತ್ತಾನೆ. ಕಡಲ ತಡಿಯ ಆ ವಸತಿಗೃಹದಲ್ಲಿ ನಾನು ಬೆಳಿಗ್ಗೆ ಐದಕ್ಕೇ ಎದ್ದೆ. ಕಿಟಕಿ ತೆರೆದೆ, ಮುಚ್ಚಿದೆ, ಮತ್ತೆ ತೆರೆದೆ. ಬಚ್ಚಲಿನ ಬಾಗಿಲ ಚಿಲಕ ಸಡಿಲವಾಗಿತ್ತು. ಕೀಲಿ ಗೊಂಚಲಿನಲ್ಲಿದ್ದ ಪುಟ್ಟ ಸ್ಕ್ರೂಡ್ರೈವರಿನಿಂದ ಬಿಗಿ ಮಾಡಿದೆ. ಬಿಗಿ ಮಾಡಲು ಬೇರೇನೂ ಸಿಗದೆ ಮಂಚದ ತುದಿಯಲ್ಲಿ ಕೂತು, ಅಲ್ಲೇನೋ ಬ್ರೇಕ್ ಇರುವ ಹಾಗೆ ಬಲಗಾಲನ್ನು ನೆಲಕ್ಕೆ ಒತ್ತುತ್ತಾ ಬಿಡುತ್ತಾ ಇದ್ದೆ.

“ರೀ, ಕಾಲು ಸುಟ್ಟ ಬೆಕ್ಕಿನ ಹಾಗೆ ಆಡಬೇಡಿ,” ಎಂದಳು ನನ್ನ ಹೆಂಡತಿ, ಹೊದಿಕೆಯೊಳಗಿಂದಲೇ. “ರಜಕ್ಕೆ ಬಂದಿರೋದು ನಾವು. ಮಲಗಿ.”

“ನಿದ್ದೆ ಆಯ್ತು.”

“ನಿಮಗಾಯ್ತು. ನನಗೆ?”

ಅವಳು ಟೈಲರ್. ವರ್ಷವಿಡೀ ಮೆಷಿನ್ ಮುಂದೆ ಬೆನ್ನು ಬಾಗಿಸಿ ಕೂರುವವಳು. ಈ ಗುಂಪು ಪ್ರವಾಸ ಅವಳದೇ ಹಟ. ಅವಳ ಹತ್ತಿರ ಬಟ್ಟೆ ಹೊಲಿಸುವ ಯಾರೋ ಹೋಗಿ ಬಂದು, ಕಯಾಕ್ ಎಂಬ ಉದ್ದನೆಯ ದೋಣಿಯಲ್ಲಿ ಇಬ್ಬಿಬ್ಬರೇ ಕೂತು ಸಮುದ್ರದ ಮೇಲೆ ಹುಟ್ಟು ಹಾಕುತ್ತಾ ಹೋಗುವ ಸುಖವನ್ನು ಬಣ್ಣಿಸಿ ತಲೆ ಕೆಡಿಸಿದ್ದರು. “ಮೂವತ್ತು ವರ್ಷ ಊರಿನ ಮಕ್ಕಳನ್ನೆಲ್ಲ ಸುತ್ತಾಡಿಸಿದ್ರಿ, ನನ್ನನ್ನ ಒಂದು ದಿನ ಸುತ್ತಾಡಿಸಿ,” ಎಂದಿದ್ದಳು. ಬೇಡ ಎನ್ನಲು ನನ್ನ ಬಳಿ ಇದ್ದದ್ದು ಒಂದೇ ಕಾರಣ. ಅದನ್ನು ಬಾಯಿ ಬಿಟ್ಟು ಹೇಳುವಂತಿರಲಿಲ್ಲ.

ಆ ಕಾರಣ ನನ್ನ ಚೀಲದ ತಳದಲ್ಲಿ, ಒಂದು ಕಾಲುಚೀಲದೊಳಗೆ, ನಾಲ್ಕು ಮಡಿಕೆಯಾಗಿ ಕೂತಿತ್ತು. ಎಂಟು ದಿನದ ಹಿಂದೆ ಕಣ್ಣಿನ ಡಾಕ್ಟರು ಬರೆದುಕೊಟ್ಟ ಚೀಟಿ. “ಎಡಗಣ್ಣು ಮುಕ್ಕಾಲು ಪಾಲು ಹೋಗಿದೆ. ನೋವಿಲ್ಲದೆ ಬರೋ ಕಾಯಿಲೆ, ಅದಕ್ಕೇ ನಿಮಗೆ ಗೊತ್ತಾಗಿಲ್ಲ. ಇವತ್ತಿನಿಂದ ವ್ಯಾನ್ ಮುಟ್ಟಬೇಡಿ,” ಎಂದಿದ್ದರು. ಪಾಪ, ಒಳ್ಳೆಯ ಮನುಷ್ಯ. ನನಗೆ ಗೊತ್ತಾಗಿ ಒಂದು ವರ್ಷವಾಗಿತ್ತು. ಎಡಗಡೆಯ ಪ್ರಪಂಚ ಮೊದಲು ಮಂಜಾಯಿತು, ಆಮೇಲೆ ಇಲ್ಲವಾಯಿತು. ನಾನು ಮಾತ್ರ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ವ್ಯಾನ್ ಓಡಿಸುತ್ತಲೇ ಇದ್ದೆ. ಅಂದು ಶನಿವಾರ. ಸೋಮವಾರ ರಜೆ ಮುಗಿದು ಶಾಲೆ ಶುರು. ಇಪ್ಪತ್ತೆರಡು ಮಕ್ಕಳು ಇಪ್ಪತ್ತೆರಡು ಬಾಗಿಲುಗಳ ಮುಂದೆ ಚೀಲ ಹೊತ್ತು ನಿಂತಿರುತ್ತಾರೆ. ನಾನು ಹೋಗಬೇಕೋ ಬೇಡವೋ ಎಂಬುದು ಆ ಚೀಟಿಗೆ ಬಿಟ್ಟರೆ ಇನ್ನಾರಿಗೂ ಗೊತ್ತಿರಲಿಲ್ಲ. ಅವಳಿಗೂ ಹೇಳಿರಲಿಲ್ಲ. ವ್ಯಾನ್ ಇಲ್ಲದಿದ್ದರೆ ನಾನು ಯಾರು ಎಂದು ಯೋಚಿಸಿದರೆ ಹೆದರಿಕೆಯಾಗುತ್ತಿತ್ತು, ಅಷ್ಟೇ.

ತಿಂಡಿಗೆ ಕೆಳಗಿಳಿದೆವು. ಒಂದೇ ಉದ್ದನೆಯ ಮೇಜು, ಹನ್ನೆರಡು ಜನ. ನಮ್ಮನ್ನು ನೀರಿಗಿಳಿಸುವ ಲೀಡರ್ ಮೂವತ್ತರ ಒಳಗಿನ ಹೆಣ್ಣುಮಗಳು. ಬಿಸಿಲಿಗೆ ಮೂಗಿನ ಸಿಪ್ಪೆ ಸುಲಿದಿತ್ತು, ಕೊರಳಲ್ಲಿ ಕಿತ್ತಳೆ ಬಣ್ಣದ ಸೀಟಿ. ನಮ್ಮ ಶಾಲೆಯ ಹೆಡ್ಮಿಸ್ಟ್ರೆಸ್ ಕೂಡ ಅಷ್ಟು ಗಟ್ಟಿಯಾಗಿ ಮಾತಾಡುವುದಿಲ್ಲ.

“ದೋಣಿಗಳು ಯಾವ ಸಾಲಲ್ಲಿ ಹೋಗ್ತವೋ ಅದೇ ಸಾಲಲ್ಲಿ ಕೂತುಕೊಳ್ಳಿ,” ಎಂದಳು. “ಇಲ್ಲಿ ಒಂದೇ ಕಾನೂನು. ತನಗೆ ತಾನೇ ಬಡಿಸಿಕೊಳ್ಳೋ ಹಾಗಿಲ್ಲ. ಪಾತ್ರೆ ಕೈಗೆ ಬಂದ್ರೆ ಎಡಗಡೆಯವರಿಗೆ ಬಡಿಸಿ, ಅವರ ಕೈಗೆ ಕೊಡಿ. ಎಡಗಡೆಯವರ ತಟ್ಟೆ ಖಾಲಿ ಇದ್ರೆ ತಪ್ಪು ನಿಮ್ಮದು. ನೀರಿನ ಮೇಲೂ ಹಾಗೇ. ಎಡಗಡೆ ದೋಣಿ ನಿಮ್ಮ ದೋಣಿ.”

ಗಡ್ಡದ ಫೋಟೋಗ್ರಾಫರ್ ಒಬ್ಬ ನಗುತ್ತಾ ಕೇಳಿದ: “ಊಟದಲ್ಲೂ ಪಾಠನಾ?”

“ಊಟದಲ್ಲಿ ಮರೆತವರು ನೀರಲ್ಲೂ ಮರೀತಾರೆ ಸಾರ್. ಆರು ವರ್ಷದಿಂದ ನೋಡ್ತಿದ್ದೀನಿ.”

ನನ್ನ ಬಲಕ್ಕೆ ಹೆಂಡತಿ. ಎಡಕ್ಕೆ ಒಬ್ಬರು ಅತ್ತಿಗೆ, ಅವರಾಚೆ ಅವರ ನಾದಿನಿ. ಅತ್ತಿಗೆಗೆ ಬೇಕರಿ ಇತ್ತು, ನಾದಿನಿ ಆಸ್ಪತ್ರೆಯಲ್ಲಿ ನರ್ಸು. ಇಬ್ಬರೂ ಐವತ್ತರ ಆಸುಪಾಸು, ಎಣ್ಣೆ ಸೀಗೆಕಾಯಿ ಸಂಬಂಧ. ಹಾಗಿದ್ದೂ ವರ್ಷಕ್ಕೊಮ್ಮೆ ಒಟ್ಟಿಗೇ ಪ್ರವಾಸ ಹೋಗುತ್ತಾರಂತೆ. “ಮನೇಲಿ ಜಗಳ ಆಡಿದ್ರೆ ನಮ್ಮಣ್ಣನಿಗೆ ಬೇಜಾರು,” ಎಂದು ನಾದಿನಿ ವಿವರಿಸಿದರು. ನಾನು ಡ್ರೈವರ್ ಎಂದಷ್ಟೇ ಪರಿಚಯ ಹೇಳಿಕೊಂಡೆ.

ಗಂಜಿಯ ಪಾತ್ರೆ ಬಂತು. ಹೆಂಡತಿ ನನಗೆ ಬಡಿಸಿದಳು. ನಾನು ಪಾತ್ರೆ ತೆಗೆದುಕೊಂಡು, ಮುಂದಿಟ್ಟುಕೊಂಡು, ತಿನ್ನಲು ಶುರು ಮಾಡಿದೆ. ಮೂರು ಚಮಚ ಒಳಗೆ ಹೋಗಿರಬಹುದು, ಎಡಗಡೆಯಿಂದ ಟಣ್ ಟಣ್ ಎಂದು ತಟ್ಟೆ ಬಡಿದ ಸದ್ದು.

“ಡ್ರೈವರಣ್ಣ, ನನಗೇನು ಇವತ್ತು ಉಪವಾಸನಾ?”

“ನಿಮಗೆ ತೂಕ ಇಳಿಸಬೇಕು ಅಂತ ಅವರಿಗೂ ಗೊತ್ತಾಗಿದೆ ಅತ್ತಿಗೆ,” ಎಂದರು ನಾದಿನಿ.

ಮೇಜಿಗೆ ಮೇಜೇ ನಕ್ಕಿತು. ನಾನೂ ನಕ್ಕೆ. ಆದರೆ ಲೀಡರ್ ನಗಲಿಲ್ಲ. ನನ್ನನ್ನೇ ಒಂದು ಕ್ಷಣ ನೋಡಿ ಮೊಟ್ಟೆ ಸುಲಿಯತೊಡಗಿದಳು. ಹೆಂಡತಿ ಮೊಣಕೈಯಿಂದ ತಿವಿದು ಪಿಸುಗುಟ್ಟಿದಳು: “ಗಮನ ಎಲ್ಲಿದೆ ನಿಮ್ಮದು?”

ಕಯಾಕಿನಲ್ಲಿ ಮುಂದೆ ಕೂತವರು ಲಯ ಹಿಡಿದು ಹುಟ್ಟು ಹಾಕಬೇಕು, ಹಿಂದೆ ಕೂತವರು ಹುಟ್ಟೂ ಹಾಕಬೇಕು, ಕಾಲಲ್ಲಿ ಎರಡು ಪೆಡಲ್ ಒತ್ತಿ ಚುಕ್ಕಾಣಿಯನ್ನೂ ತಿರುಗಿಸಬೇಕು. ಪೆಡಲ್ ಎಂದ ಕೂಡಲೇ ಹೆಂಡತಿ, “ಇವರು ಹಿಂದೆ ಕೂರಲಿ, ಇವರು ಡ್ರೈವರ್,” ಎಂದಳು, ಹೆಮ್ಮೆಯಿಂದಲೇ. ನಾನು ಬೇಡ ಅನ್ನಲಿಲ್ಲ. ಮೊದಲ ಅರ್ಧ ಗಂಟೆ ಅಲೆ ಎದ್ದಾಗಲೆಲ್ಲ ಎರಡೂ ಕಾಲು ಒತ್ತಿ ಬ್ರೇಕ್ ಹಾಕಲು ನೋಡಿದೆ. ಸಮುದ್ರಕ್ಕೆ ಬ್ರೇಕ್ ಇಲ್ಲ ಎಂಬುದು ತಲೆಗೆ ಹೋಯಿತು, ಕಾಲಿಗೆ ಹೋಗಲಿಲ್ಲ.

ಆರು ದೋಣಿ ಪಕ್ಕಪಕ್ಕ, ಒಂದು ಬಸ್ಸು ಹೋಗುವಷ್ಟು ಅಂತರ ಬಿಟ್ಟು. ಲೀಡರ್ ಒಂಟಿ ದೋಣಿಯಲ್ಲಿ ಎಲ್ಲರಿಗಿಂತ ಮುಂದೆ. ನಮ್ಮ ಎಡಕ್ಕೆ ಅತ್ತಿಗೆ ನಾದಿನಿಯರ ಹಳದಿ ದೋಣಿ. ಅದೇ ಕೊನೆ, ಅದರಾಚೆ ಬರೀ ನೀರು. ಹತ್ತು ನಿಮಿಷಕ್ಕೊಮ್ಮೆ ಲೀಡರ್ ಸೀಟಿ ಊದುತ್ತಾಳೆ. ಆಗ ಹಿಂದೆ ಕೂತವರು ಎಡಕ್ಕೆ ತಿರುಗಿ ನೋಡಿ, ದೋಣಿ ಕಂಡರೆ “ಇದೆ!” ಎಂದು ಕೂಗಬೇಕು. ಕೂಗು ನನ್ನಿಂದ ಶುರುವಾಗಿ ಬಲಕ್ಕೆ ಹೋಗುತ್ತದೆ. ಅಂದರೆ ಆ ಹಳದಿ ದೋಣಿಯನ್ನು ನೋಡಿಕೊಳ್ಳಲು ನನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲ.

ಮೊದಲ ಸೀಟಿಗೆ ಕುತ್ತಿಗೆ ತಿರುಗಿಸಿದೆ. ಬಲಗಣ್ಣು ಆ ಕಡೆಗೆ ಬರುವ ಮೊದಲೇ ದೋಣಿ ಓಲಾಡಿತು, ಹೆಂಡತಿ “ಅಯ್ಯಯ್ಯೋ” ಎಂದಳು. ಕಂಡದ್ದು ಬಿಸಿಲಲ್ಲಿ ಹೊಳೆಯುವ ನೀರು, ಅದರ ನಡುವೆ ಹಳದಿಯೋ ಬಿಳಿಯೋ ಏನೋ ಒಂದು. ಆದರೆ ಕಿವಿಗೆ ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು.

“ಅತ್ತಿಗೆ, ನೀವು ಹುಟ್ಟು ಹಾಕ್ತಿದ್ದೀರೋ, ಹಿಟ್ಟು ನಾದ್ತಿದ್ದೀರೋ?”

“ನೀನು ಹಿಂದೆ ಕೂತು ಇಂಜೆಕ್ಷನ್ ಕೊಡೋದು ಬಿಡು. ಎಳಿ.”

“ಇದೆ!” ಎಂದು ಕೂಗಿದೆ. ಆಮೇಲೆ ತಿರುಗಿ ನೋಡುವ ಗೋಜಿಗೇ ಹೋಗಲಿಲ್ಲ. ಸೀಟಿ ಊದಿದರೆ ಸಾಕು, ಜಗಳ ಕೇಳಿಸಿದರೆ “ಇದೆ!”

ಕಣ್ಣಿನ ಕೆಲಸವನ್ನು ಬೇರೆಯವರ ಮೇಲೆ ಹಾಕುವುದು ನನಗೆ ಹೊಸತಲ್ಲ. ವ್ಯಾನಿನಲ್ಲಿ ಮುಂದಿನ ಎಡಗಡೆ ಸೀಟಿಗೆ ಎರಡನೇ ಕ್ಲಾಸಿನ ಒಂದು ಹುಡುಗಿಯನ್ನು ಕೂರಿಸಿಕೊಂಡಿದ್ದೆ. ಚುರುಕು ಮಗು. “ನೀನು ನನ್ನ ಕೋ ಡ್ರೈವರ್. ನಾನು ಕೇಳಿದಾಗ ಕಿಟಕಿಯಾಚೆ ನೋಡಿ ಹೇಳಬೇಕು,” ಎಂದು ಆಟ ಕಟ್ಟಿದ್ದೆ. ತಿರುವು ಬಂದಾಗ “ಲೆಫ್ಟು?” ಎನ್ನುತ್ತಿದ್ದೆ. “ಕ್ಲಿಯರ್ ಅಂಕಲ್!” ಎನ್ನುತ್ತಿದ್ದಳು. ಉಳಿದ ಮಕ್ಕಳಿಗೆ ಅವಳ ಮೇಲೆ ಹೊಟ್ಟೆಕಿಚ್ಚು. ಅವಳಿಗೆ ಜ್ವರ ಬಂದ ಮೂರು ದಿನ ನಾನು ಬೆವರಲ್ಲಿ ಮಿಂದು ಮನೆಗೆ ಬಂದಿದ್ದೆ. ಅದು ಆಟವಲ್ಲ ಎಂದು ನನಗೊಬ್ಬನಿಗೇ ಗೊತ್ತಿತ್ತು.

ಹನ್ನೊಂದೂವರೆಗೆ ಒಂದು ಪುಟ್ಟ ನಡುಗಡ್ಡೆ ಸೇರಿದೆವು. ಮರಳು, ನಾಲ್ಕು ಬಂಡೆ, ಒಂದು ಒಣ ಮರ, ಅಷ್ಟೇ. ಲೀಡರ್ ಒಲೆ ಹೂಡಿ ಸೂಪು ಕಾಯಿಸಿದಳು. ಬೇಯಿಸಿದ ಆಲೂಗಡ್ಡೆ, ಸುಟ್ಟ ಮೀನು, ಬ್ರೆಡ್ಡು. ಎಲ್ಲರ ಮುಖದಲ್ಲೂ ಸಂತೋಷ. ನನ್ನ ಹೆಂಡತಿಯನ್ನು ಅಷ್ಟು ಹಗುರವಾಗಿ ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಒದ್ದೆ ಕಾಲನ್ನು ಮರಳಲ್ಲಿ ಹೂತುಕೊಂಡು, “ರೀ, ವರ್ಷಾ ವರ್ಷಾ ಬರೋಣ,” ಎಂದಳು. ನನಗೆ ಕೂರಲಾಗಲಿಲ್ಲ. ದೋಣಿಗಳ ಹಗ್ಗ ನೋಡಿದೆ, ಕಟ್ಟಿದ ಗಂಟು ಬಿಚ್ಚಿ ಮತ್ತೆ ಕಟ್ಟಿದೆ. ಸೋಮವಾರಕ್ಕೆ ಇನ್ನು ಎಷ್ಟು ಗಂಟೆ ಎಂದು ಲೆಕ್ಕ ಹಾಕಿದೆ.

ಊಟಕ್ಕೆ ಮತ್ತದೇ ಸಾಲು. ಈ ಸಲ ಮರೆಯಬಾರದೆಂದು ಅತ್ತಿಗೆಯ ತಟ್ಟೆಗೆ ಆಲೂಗಡ್ಡೆ ಬಡಿಸಿದ್ದೇ ಬಡಿಸಿದ್ದು.

“ಸಾಕು ಡ್ರೈವರಣ್ಣ, ಬೆಳಗಿನ ಬಾಕಿ ತೀರಿತು,” ಎಂದರು ಅವರು.

ಆಮೇಲೆ ಸೂಪು ಬಂತು. ಸೌಟೆತ್ತಿ ಬಟ್ಟಲಿಗೆ ಬಗ್ಗಿಸಿದೆ. ಬಟ್ಟಲು ನಾನು ಅಂದುಕೊಂಡ ಜಾಗದಲ್ಲಿರಲಿಲ್ಲ. ಬಿಸಿ ಸೂಪು ಅತ್ತಿಗೆಯ ಮುಂಗೈ ಮೇಲೆ ಬಿತ್ತು. ಅವರು ಹಾ ಎಂದು ಕೈ ಕೊಡವಿದರು. ನಾದಿನಿ ತಣ್ಣೀರು ಸುರಿದು, ಏನಿಲ್ಲ ಬಿಡಿ, ಬೊಬ್ಬೆ ಏಳೋದಿಲ್ಲ ಎಂದರು. ಆಮೇಲೆ ನನ್ನ ಎದುರು ಬಂದು ಮಂಡಿಯೂರಿ ಕೂತರು. ಜಗಳದ ದನಿ ಹೋಗಿ ಆಸ್ಪತ್ರೆಯ ದನಿ ಬಂದಿತ್ತು.

“ಡ್ರೈವರಣ್ಣ, ನನ್ನ ಮೂಗನ್ನೇ ನೋಡ್ತಾ ಇರಿ. ಈ ಕಡೆ ಎಷ್ಟು ಬೆರಳು?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲು ಮುಟ್ಟಿಕೊಳ್ಳುವ ಬದಲು ಎದ್ದೇ ಬಿಟ್ಟೆ.

“ಕೈ ತಪ್ಪೋದು ಎಲ್ಲರಿಗೂ ಇದ್ದಿದ್ದೇ. ನಾನೇನು ನಿಮ್ಮ ಪೇಷೆಂಟಾ?”

“ಹಾಗಲ್ಲ, ಸುಮ್ಮನೆ ಕೇಳಿದೆ.”

“ಸುಮ್ಮನೆ ಕೇಳೋದಾದ್ರೆ ಕೇಳಬೇಡಿ.”

ಹೆಂಡತಿ ನಾಚಿಕೆಯಿಂದ ಕುಗ್ಗಿ ಹೋದಳು. ನಾನು ನೀರಿನಂಚಿಗೆ ಹೋಗಿ ನಿಂತೆ. ಸಿಟ್ಟು ಬಂದಿತ್ತು, ಸಿಟ್ಟಿನ ಅಡಿಯಲ್ಲಿ ಭಯ. ಆ ಹೆಂಗಸಿಗೆ ಗೊತ್ತಾಗಿಬಿಟ್ಟಿದೆ, ಸಂಜೆಯೊಳಗೆ ಹೆಂಡತಿಯ ಕಿವಿಗೆ ಹಾಕುತ್ತಾರೆ, ಮುಗಿಯಿತು ನನ್ನ ಕಥೆ ಅನ್ನಿಸಿತು. ವಾಪಸು ಹೋಗುವಾಗ ಅವರ ದೋಣಿ ನನ್ನಿಂದ ಎಷ್ಟು ದೂರವಿದ್ದರೆ ಅಷ್ಟು ಒಳ್ಳೆಯದು ಎಂದುಕೊಂಡೆ. ಅಂದುಕೊಂಡದ್ದು ನಿಜ, ಈಗ ಯಾಕೆ ಮುಚ್ಚಿಡಲಿ.

ಎರಡು ಗಂಟೆಗೆ ಹೊರಟೆವು. ದಡದ ಕಡೆಯಿಂದ ಗಾಳಿ ಎದ್ದಿತ್ತು. ಎದುರುಗಾಳಿ, ಹತ್ತು ಸಲ ಹುಟ್ಟು ಹಾಕಿದರೆ ಐದು ಸಲದಷ್ಟು ದಾರಿ. ಹೆಂಡತಿಯ ಬೆನ್ನು ಮುಂದೆ ಏರಿಳಿಯುತ್ತಿತ್ತು, ಅವಳ ಹುಟ್ಟಿನ ನೀರು ನನ್ನ ಮುಖಕ್ಕೆ ಸಿಡಿಯುತ್ತಿತ್ತು. ಯಾರಿಗೂ ಮಾತಾಡುವಷ್ಟು ಉಸಿರಿರಲಿಲ್ಲ, ಅತ್ತಿಗೆ ನಾದಿನಿಯರನ್ನು ಬಿಟ್ಟರೆ.

ಮೊದಲ ಸೀಟಿಗೆ ಅತ್ತಿಗೆ ಏನೋ ಬಯ್ಯುತ್ತಿದ್ದರು. “ಇದೆ!” ಎಂದೆ.

ಎರಡನೇ ಸೀಟಿಗೆ ನಾದಿನಿಯ ನಗು ಎಲ್ಲೋ ಹಿಂದಿನಿಂದ ಬಂದ ಹಾಗಾಯಿತು. “ಇದೆ!”

ಮೂರನೇ ಸೀಟಿಗೆ ಏನೂ ಕೇಳಿಸಲಿಲ್ಲ. ಗಾಳಿ ಬಿಟ್ಟರೆ ನೀರು, ನೀರು ಬಿಟ್ಟರೆ ಗಾಳಿ. ಸದ್ಯ, ಬಾಯಿ ಮುಚ್ಚಿಕೊಂಡರಲ್ಲ ಎಂದು ನೆಮ್ಮದಿಯಾಯಿತು. ತಿರುಗಿ ನೋಡಬೇಕು ಅನ್ನಿಸಿತು. ತಿರುಗಿದರೆ ದೋಣಿ ಓಲಾಡುತ್ತದೆ, ಓಲಾಡಿದರೆ ಇವಳು ಕೂಗುತ್ತಾಳೆ, ಕೂಗಿದರೆ ಲೀಡರ್ ನೋಡುತ್ತಾಳೆ, ಅಷ್ಟು ಮಾಡಿ ತಿರುಗಿದರೂ ನನಗೇನು ಕಾಣುತ್ತದೆ?

“ಇದೆ!” ಎಂದು ಕೂಗಿದೆ. ಉಳಿದವರಿಗಿಂತ ಜೋರಾಗಿಯೇ ಕೂಗಿದೆ.

ದಡದ ಮುಂಚೆ ಒಂದು ಬಂಡೆ ಸಾಲಿದೆ. ಅದನ್ನು ಒಬ್ಬೊಬ್ಬರಾಗಿ ದಾಟಬೇಕು. ಅಲ್ಲಿ ಲೀಡರ್ ದೋಣಿ ತಿರುಗಿಸಿ ನಮ್ಮ ಕಡೆ ಮುಖ ಮಾಡಿದಳು. ಬೆರಳು ತೋರಿಸಿ ಎಣಿಸಿದಳು. ಮತ್ತೆ ಎಣಿಸಿದಳು.

“ಹಳದಿ ಎಲ್ಲಿ?”

 ಹೆಂಡತಿ ಮೈಯೆಲ್ಲ ತಿರುಗಿಸಿ ಎಡಕ್ಕೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. “ಈಗ ತಾನೇ ಇದೆ ಅಂದ್ರಲ್ಲ? ನೋಡಿದ್ರಿ ತಾನೇ?”

“ಹೂಂ,” ಎಂದೆ.

ಲೀಡರ್ ಒಂದೇ ಮಾತು ಹೇಳಿದಳು: “ಐದೂ ದೋಣಿ ಸೇರಿಸಿ ಹಿಡಿದುಕೊಳ್ಳಿ. ಯಾರೂ ಅಲ್ಲಾಡಬೇಡಿ.” ನಮ್ಮ ನಡುವೆಯೇ ಹಾದು ಹೋದಳು. ಅಷ್ಟು ಬೇಗ ಹುಟ್ಟು ಹಾಕಬಹುದು ಎಂದು ನನಗೆ ಗೊತ್ತಿರಲಿಲ್ಲ.

ಆ ಮುಕ್ಕಾಲು ಗಂಟೆಯ ಬಗ್ಗೆ ಹೇಳುವುದು ಕಷ್ಟ. ಹತ್ತು ಜನ ಒಬ್ಬರ ದೋಣಿಯನ್ನೊಬ್ಬರು ಹಿಡಿದುಕೊಂಡು ನೀರಿನ ಮೇಲೆ ಏರುತ್ತಾ ಇಳಿಯುತ್ತಾ ಇದ್ದೆವು. ಎದ್ದು ಓಡಾಡುವಂತಿಲ್ಲ, ಬಾಗಿಲು ತೆಗೆದು ಕೆಳಗಿಳಿಯುವಂತಿಲ್ಲ. ಕಾಲು ಎರಡೂ ಪೆಡಲ್ ಒತ್ತುತ್ತಲೇ ಇದ್ದವು. ಸತ್ತರೆ, ಎಂದು ಒಂದು ಮಾತು ತಲೆಯೊಳಗೆ ಬರುತ್ತಿತ್ತು, ನಾನು ಅದನ್ನು ತಳ್ಳುತ್ತಿದ್ದೆ, ಮತ್ತೆ ಬರುತ್ತಿತ್ತು. ಬೇಕರಿಯವರು, ನರ್ಸು, ಇಬ್ಬರನ್ನು ನಾನು ಕೊಂದೆ. ಕಿರುಚಬೇಕು ಅನ್ನಿಸಿತು. 

ಕೊನೆಗೆ ಒಂದು ಮೀನುಗಾರರ ಮೋಟರ್ ದೋಣಿ ಬಂತು. ಅದರ ಹಿಂದೆ ಹಗ್ಗ ಕಟ್ಟಿದ ಹಳದಿ ಕಯಾಕ್, ಪಕ್ಕದಲ್ಲಿ ಲೀಡರಿನ ಒಂಟಿ ದೋಣಿ, ಮೋಟರ್ ದೋಣಿಯೊಳಗೆ ಕಂಬಳಿ ಹೊದ್ದ ಎರಡು ತಲೆ. ಆದದ್ದು ಇಷ್ಟು: ನಾದಿನಿಯ ಹುಟ್ಟು ಕೈ ಜಾರಿತು, ಹಿಡಿಯಲು ಅತ್ತಿಗೆ ಬಗ್ಗಿದರು, ದೋಣಿ ಮಗುಚಿತು. ಮಗುಚಿದ ದೋಣಿಯನ್ನು ತಬ್ಬಿಕೊಂಡು ಇಬ್ಬರೂ ಲೈಫ್ ಜಾಕೆಟ್ಟಿಗೆ ಕಟ್ಟಿದ್ದ ಸೀಟಿ ಊದಿದ್ದೇ ಊದಿದ್ದು. ಗಾಳಿ ನಮ್ಮ ಕಡೆಯಿಂದ ಅವರ ಕಡೆಗೆ ಬೀಸುತ್ತಿತ್ತು. ನಮ್ಮ ಸೀಟಿ ಅವರಿಗೆ ಕೇಳಿತು, ಅವರದು ನಮಗೆ ಕೇಳಲಿಲ್ಲ. ನನ್ನ “ಇದೆ!” ಕೂಡ ಅವರಿಗೆ ಕೇಳಿಸಿತಂತೆ. ನೀರಲ್ಲಿ ಕುತ್ತಿಗೆಮಟ್ಟ ಮುಳುಗಿಕೊಂಡು, ಅವರ ದೋಣಿ ಇದೆ ಎಂದು ನಾನು ಕೂಗಿದ್ದನ್ನು ಅವರು ಕೇಳಿಸಿಕೊಂಡರು.

ದಡ ಸೇರಿದ ಮೇಲೆ ಲೀಡರ್ ಎಲ್ಲರನ್ನೂ ಮರಳ ಮೇಲೆ ನಿಲ್ಲಿಸಿದಳು. ಅವಳ ದನಿ ಈಗ ಗಟ್ಟಿಯಾಗಿರಲಿಲ್ಲ, ಅದೇ ಹೆಚ್ಚು ಭಯವಾಗುವಂತಿತ್ತು.

“ಮೂರನೇ ಸೀಟಿಗೆ ಅವರು ನೀರಲ್ಲಿದ್ದರು. ಇದೆ ಅಂತ ಹೇಗೆ ಕೂಗಿದ್ರಿ?”

ನಾನು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಹೆಂಡತಿ ಒಂದು ಹೆಜ್ಜೆ ಮುಂದೆ ಬಂದಳು.

“ಇವರದು ತಪ್ಪಿಲ್ಲ. ಇವರು ಚುಕ್ಕಾಣಿ ನೋಡ್ತಿದ್ರು. ದೋಣಿ ಇದೆ, ಕೂಗಿ ಅಂತ ನಾನೇ ಹೇಳಿದೆ. ದೂರದಲ್ಲಿ ಇನ್ನೇನೋ ಕಂಡಿದ್ದನ್ನ ಅವರದೇ ಅಂದುಕೊಂಡೆ.”

ಅವಳು ಹಾಗೇನೂ ಹೇಳಿರಲಿಲ್ಲ. ಗಂಡನ ಗಮನ ಎಲ್ಲೋ ಹೋಗಿತ್ತು, ಹತ್ತು ಜನರ ಮುಂದೆ ಅವನ ಮರ್ಯಾದೆ ಹೋಗಬಾರದು ಎಂದಷ್ಟೇ ಅವಳ ಲೆಕ್ಕ. ಲೀಡರ್ ಅವಳನ್ನು ಬಯ್ದಳು. ಕಣ್ಣಿಟ್ಟು ನೋಡದೆ ಹೇಗೆ ಹೇಳಿದ್ರಿ, ಇದೇನು ಮಕ್ಕಳಾಟವಾ ಎಂದಳು. ನನ್ನ ಹೆಂಡತಿ, ಸೂಜಿಯ ಕಣ್ಣಿಗೆ ಒಂದೇ ಸಲಕ್ಕೆ ದಾರ ಪೋಣಿಸುವವಳು, ತಲೆ ತಗ್ಗಿಸಿ ಕೇಳಿಸಿಕೊಂಡಳು. ಪಕ್ಕದಲ್ಲಿ ನಾನು ಸುಮ್ಮನೆ ನಿಂತಿದ್ದೆ. ತೆರೆದ ಬಾಯನ್ನು ಮುಚ್ಚಿಕೊಂಡೆ.

ಸಂಜೆ ಆರೂವರೆಗೆ ಊಟ. ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಅನ್ನ, ತರಕಾರಿ ಬೇಯಿಸಿದ್ದು, ಹುರಿದ ಮೀನು. ಅತ್ತಿಗೆ ಎರಡು ಸ್ವೆಟರ್ ಹಾಕಿಕೊಂಡು ಬಂದು ನನ್ನ ಎಡಕ್ಕೆ ಕೂತರು.  ಪಾತ್ರೆ ಕೈಯಿಂದ ಕೈಗೆ ಬರುತ್ತಿತ್ತು. ಅತ್ತಿಗೆ ನನ್ನನ್ನು ದಾಟಿ ಬಗ್ಗಿ ನನ್ನ ಹೆಂಡತಿಗೆ ಹೇಳಿದರು. ಸಿಟ್ಟಿನಿಂದಲ್ಲ, ಸುಸ್ತಿನಿಂದ.

“ಸ್ವಲ್ಪ ನೋಡಬೇಕಿತ್ತಮ್ಮ ನೀವು. ನನಗೆ ಈಜು ಬರಲ್ಲ.”

“ತಪ್ಪಾಯ್ತು ಅಕ್ಕ,” ಎಂದಳು ಇವಳು. ಕಣ್ಣಲ್ಲಿ ನೀರು ತುಂಬಿಕೊಂಡು, ನನ್ನ ತಟ್ಟೆಗೆ ಅನ್ನ ಬಡಿಸಿದಳು.

ಆ ಅನ್ನ ನನಗೆ ಇಳಿಯುವುದಿಲ್ಲ ಎಂದು ಗೊತ್ತಾಯಿತು. ಎದ್ದು ನಿಂತೆ. ಕುರ್ಚಿ ಹಿಂದಕ್ಕೆ ಬಿತ್ತು.

“ಅವಳು ಏನೂ ಹೇಳಿಲ್ಲ. ನಾನೇ ಕೂಗಿದ್ದು, ನೋಡದೇ ಕೂಗಿದ್ದು. ನೋಡಿದ್ರೂ ಕಾಣ್ತಿರಲಿಲ್ಲ. ನನ್ನ ಎಡಗಣ್ಣು ಹೋಗಿದೆ. ಡಾಕ್ಟ್ರು ಚೀಟಿ ಕೊಟ್ಟಿದ್ದಾರೆ, ಎಂಟು ದಿನ ಆಯ್ತು.”

  ನಾದಿನಿ ನಿಧಾನವಾಗಿ ಕೇಳಿದರು: “ಮಧ್ಯಾಹ್ನವೇ ಅಂದುಕೊಂಡೆ. ನೀವು ಓಡಿಸೋದು ಏನು ಡ್ರೈವರಣ್ಣ? ಲಾರಿನಾ?”

“ಸ್ಕೂಲ್ ವ್ಯಾನು.”

“ಮಕ್ಕಳ ವ್ಯಾನಾ?” ಎಂದರು ಅತ್ತಿಗೆ. ಸಮುದ್ರದಿಂದ ಎದ್ದು ಬಂದಾಗಲೂ ಅವರ ಮುಖ ಅಷ್ಟು ಬಿಳಿಚಿರಲಿಲ್ಲ.

ನನ್ನ ಹೆಂಡತಿ ಎದ್ದಳು. ನನ್ನ ರಟ್ಟೆ ಹಿಡಿದು ಹೊರಗಿನ ಜಗಲಿಗೆ ಕರೆದುಕೊಂಡು ಹೋದಳು. ಯಾಕೆ ಹೇಳಲಿಲ್ಲ ಎಂದು ಕೇಳುತ್ತಾಳೆ ಅಂದುಕೊಂಡಿದ್ದೆ. ಅದಕ್ಕೆ ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದೆ. ಅವಳು ಕೇಳಲಿಲ್ಲ. ನನ್ನ ಜೇಬಿನಿಂದ ಫೋನ್ ತೆಗೆದು ಕೈಗೆ ಕೊಟ್ಟಳು.

“ಹೆಡ್ಮಿಸ್ಟ್ರೆಸ್‌ಗೆ ಫೋನ್ ಮಾಡಿ. ಈಗಲೇ. ನನ್ನ ಮುಂದೆ.”

ಮಾಡಿದೆ. ಸ್ಪೀಕರಿಗೆ ಹಾಕಿ ಎಂದು ಸನ್ನೆ ಮಾಡಿದಳು, ಹಾಕಿದೆ. ಅವಳ ಕೈ ನನ್ನ ಹೆಗಲ ಮೇಲಿತ್ತು.

“ಮೇಡಂ, ಸೋಮವಾರದಿಂದ ನಾನು ಬರಲ್ಲ. ಎಡಗಣ್ಣು ಹೋಗಿದೆ. ವ್ಯಾನ್ ಓಡಿಸಬಾರದು ಅಂತ ಡಾಕ್ಟ್ರು ಹೇಳಿದ್ದಾರೆ.”

“ಅಯ್ಯೋ, ಹೌದಾ? ಛೆ!” ಎಂದರು ಅವರು. ಸ್ವಲ್ಪ ಹೊತ್ತು ಮರುಗಿದರು. ಆಮೇಲೆ ದನಿ ಬದಲಾಯಿತು. “ಸೋಮವಾರಕ್ಕೆ ನಾನು ಎಲ್ಲಿಂದ ತರಲಿ ಡ್ರೈವರನ್ನ? ಒಂದು ಹದಿನೈದು ದಿನ ಹೇಗಾದ್ರೂ ಸುಧಾರಿಸಿ. ನಿಧಾನಕ್ಕೆ ಓಡಿಸಿ. ಇಷ್ಟು ದಿನ ಓಡಿಸಿದ್ದೀರಲ್ಲ? ಮೂವತ್ತೊಂದು ವರ್ಷದಲ್ಲಿ ನಿಮ್ಮ ವ್ಯಾನಿಗೆ ಒಂದು ಗೀರು ಬಿದ್ದಿಲ್ಲ. ನಿಮ್ಮ ಒಂದು ಕಣ್ಣು ಬೇರೆಯವರ ಎರಡು ಕಣ್ಣಿಗೆ ಸಮ.”

ನಿಜ ಹೇಳುತ್ತೇನೆ, ಆ ಮಾತು ಕೇಳಿ ಎದೆ ಉಬ್ಬಿತು. ಹೂಂ ಅಂದುಬಿಟ್ಟರೆ ಇನ್ನೂ ಹದಿನೈದು ದಿನ ವ್ಯಾನು ನನ್ನದು. ಸ್ಟೀರಿಂಗಿನ ಮೇಲೆ ಕೈಯಿಟ್ಟ ಹಾಗೇ ಆಯಿತು. ಹೆಂಡತಿ ಬೇಡ ಬೇಡ ಎಂದು ತಲೆ ಅಲ್ಲಾಡಿಸುತ್ತಿದ್ದಳು. ಅವಳ ಕಣ್ಣು ಇನ್ನೂ ಕೆಂಪಗಿತ್ತು. ಮಾಡದ ತಪ್ಪಿಗೆ ಅತ್ತ ಕಣ್ಣು. ಅಂಥ ಕಣ್ಣನ್ನು ನಾನು ಇದಕ್ಕೂ ಮುಂಚೆ ಒಂದು ಸಲ ನೋಡಿದ್ದೆ.

“ಹೇಗೆ ಓಡಿಸ್ತಿದ್ದೆ ಅಂತ ಹೇಳ್ತೀನಿ ಮೇಡಂ. ಕೇಳಿದ ಮೇಲೂ ಬಾ ಅಂದ್ರೆ ಬರ್ತೀನಿ,” ಎಂದೆ.

ಮುಂದಿನ ಸೀಟಿನ ಹುಡುಗಿಯ ವಿಷಯ ಹೇಳಿದೆ. ಲೆಫ್ಟು ಎಂದರೆ ಕ್ಲಿಯರ್ ಅನ್ನುವ ಆಟ ಹೇಳಿದೆ. ಹೋದ ತಿಂಗಳು ಮಾರುಕಟ್ಟೆಯ ತಿರುವಿನಲ್ಲಿ ಅವಳು ಕೆಳಗೆ ಬಿದ್ದ ಪೆನ್ಸಿಲ್ ಹುಡುಕುತ್ತಿದ್ದಳು. ಬಗ್ಗಿಕೊಂಡೇ ಕ್ಲಿಯರ್ ಎಂದಳು, ನಾನು ತಿರುಗಿಸಿದೆ, ಎಡಗಡೆ ಒಬ್ಬ ಸೈಕಲ್ಲಿನವನು ವ್ಯಾನಿಗೆ ಉಜ್ಜಿ ಬಿದ್ದ. ಮಂಡಿ ತರಚಿತ್ತು, ಎದ್ದು ಬಯ್ದು ಹೋದ. ಹುಡುಗಿ ಮನೆ ಬರುವ ತನಕ ಬಿಕ್ಕಿ ಬಿಕ್ಕಿ ಅತ್ತಳು. ನಾನು ನೋಡಲಿಲ್ಲ ಅಂಕಲ್, ನನ್ನಿಂದ ಆಯ್ತು ಅಂಕಲ್, ಅಮ್ಮನಿಗೆ ಹೇಳಬೇಡಿ ಎಂದಳು.

“ನಾನು ಏನಂದೆ ಗೊತ್ತಾ ಮೇಡಂ? ಪರವಾಗಿಲ್ಲ, ಇನ್ನು ಮೇಲೆ ಸರಿಯಾಗಿ ನೋಡು ಅಂದೆ. ಏಳು ವರ್ಷದ ಮಗುಗೆ. ಸಂಜೆ ಮನೆಗೆ ಹೋಗಿ ಸೈಕಲ್ ಉಜ್ಜಿದ ಗೀರಿಗೆ ನಾನೇ ಬಣ್ಣ ಹಚ್ಚಿದೆ.”

ಹೆಗಲ ಮೇಲಿನ ಕೈ ಸರಿಯಿತು. ನನ್ನ ಹೆಂಡತಿ ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಜಗಲಿಯ ಕಂಬಕ್ಕೆ ಒರಗಿ ನಿಂತಳು. ಅವಳು ಯಾವ ಕಡೆ ನೋಡುತ್ತಿದ್ದಾಳೆ ಎಂದು ನನಗೆ ಕಾಣಲಿಲ್ಲ.

ಫೋನನ್ನು ಬಾಯಿಯ ಹತ್ತಿರಕ್ಕೆ ತಂದೆ. 

“ಅದಾದ ಮೇಲೆ ಆ ಹುಡುಗಿ ಹೊರಗೆ ನೋಡೋದು ಬಿಟ್ಟು ಬೇರೇನೂ ಮಾಡಲ್ಲ ಮೇಡಂ,” ಎಂದೆ. “ಯಾರ ಜೊತೆನೂ ಮಾತಾಡಲ್ಲ. ಅದು ಅವಳ ತಪ್ಪಲ್ಲ ಅಂತ ಅವಳಿಗೆ ಒಂದು ಮಾತು ಹೇಳಿ.”

“ನಾನು ಹೇಳಲ್ಲ,” ಎಂದರು ಹೆಡ್ಮಿಸ್ಟ್ರೆಸ್. “ನೀವೇ ಬಂದು ಹೇಳಿ. ಸೋಮವಾರ ಬೆಳಿಗ್ಗೆ, ಅವಳ ಅಪ್ಪ ಅಮ್ಮನ ಮುಂದೆ. ಬಸ್ಸಲ್ಲಿ ಬನ್ನಿ.”

ಹೂಂ ಎಂದೆ.